ಚೆಂದದ ಕಾಲೇಜು ಲೈಬ್ರರಿಗಳನ್ನು ನೋಡೋಕೆ ಹೋಗುವವರಿಗೆ

ದೂರದ ದೇಶಕ್ಕೆ ಪ್ರವಾಸ ಹೋದವರು ಕೋಟೆ ನೋಡುತ್ತಾರೆ, ಅರಮನೆ ನೋಡುತ್ತಾರೆ, ಮ್ಯೂಸಿಯಂ ಮುಂದೆ ಎರಡು ಗಂಟೆ ಕ್ಯೂ ನಿಲ್ಲುತ್ತಾರೆ. ಪಕ್ಕದ ರಸ್ತೆಯಲ್ಲೇ ಇರುವ ವಿಶ್ವವಿದ್ಯಾಲಯದ ಲೈಬ್ರರಿಯನ್ನು ಮಾತ್ರ ಬಿಟ್ಟು ಬರುತ್ತಾರೆ. "ನಾವೇನು ಅಲ್ಲಿ ಓದುವವರಾ, ನಮ್ಮನ್ನು ಯಾರು ಒಳಗೆ ಬಿಡ್ತಾರೆ" ಅನ್ನೋ ಹಿಂಜರಿಕೆ. ಎಷ್ಟೋ ಕಡೆ ಬಿಡುತ್ತಾರೆ. ಕೆಲವು ಕಡೆ ಟಿಕೆಟ್ಟೂ ಇಲ್ಲ. ಆದರೆ ಒಂದೊಂದು ಲೈಬ್ರರಿಯ ನಿಯಮ ಒಂದೊಂದು ಥರ ಇರುತ್ತದೆ, ಅದನ್ನು ತಿಳಿದುಕೊಳ್ಳದೆ ಹೋದರೆ ಬಾಗಿಲ ತನಕ ಹೋಗಿ ವಾಪಸ್ ಬರಬೇಕಾಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸುಮ್ನೆ ಹೋಗಿ ಫೋಟೊ ತೆಗೆದುಕೊಂಡು ಬಂದರೆ ಎಲ್ಲ ಹಳೇ ಲೈಬ್ರರಿಗಳೂ ಒಂದೇ ಥರ ಕಾಣುತ್ತವೆ: ಉದ್ದದ ಹಾಲ್, ಮರದ ಕಪಾಟು, ಏಣಿ, ಗ್ಲೋಬು. ಹಾಗಾಗದೆ ಇರಬೇಕು ಅಂದರೆ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ. ಪುಸ್ತಕಕ್ಕೆ ಶತ್ರುಗಳು ಜಾಸ್ತಿ ಅಲ್ವಾ? ಬೆಂಕಿ, ಬಿಸಿಲು, ತೇವ, ಹುಳ, ಕಳ್ಳತನ, ಯುದ್ಧ. ಓದುವವರಿಗೆ ಬೇಕಾದದ್ದು ಬೆಳಕು, ಗಾಳಿ, ಚಳಿಗೆ ಬೆಚ್ಚಗಿನ ಜಾಗ. ಪುಸ್ತಕಕ್ಕೆ ಒಳ್ಳೆಯದಾದದ್ದು ಓದುವವರಿಗೆ ಕಷ್ಟ, ಓದುವವರಿಗೆ ಹಿತವಾದದ್ದು ಪುಸ್ತಕಕ್ಕೆ ಅಪಾಯ. ಈ ತಿಕ್ಕಾಟವನ್ನು ಇಲ್ಲಿ ಹೇಗೆ ಬಗೆಹರಿಸಿದ್ದಾರೆ ಅಂತ ನೋಡುತ್ತಾ ಹೋಗಿ. ಚೆಂದ ಇರೋದು ಅಲ್ಲೇ.

ಮೊದಲು ಪಟ್ಟಿ ಸೋಸಿಕೊಳ್ಳಿ

ಇಂಟರ್ನೆಟ್‌ನಲ್ಲಿ ಸಿಗುವ "ಜಗತ್ತಿನ ಸುಂದರ ಲೈಬ್ರರಿಗಳು" ಪಟ್ಟಿಗಳಲ್ಲಿ ಎಲ್ಲವನ್ನೂ ಕಲಸಿಬಿಟ್ಟಿರುತ್ತಾರೆ. ಆಸ್ಟ್ರಿಯಾದ ಆಡ್ಮಾಂಟ್, ಸ್ವಿಟ್ಜರ್‌ಲೆಂಡಿನ ಸೇಂಟ್ ಗಾಲನ್, ಪ್ರಾಗ್‌ನ ಸ್ಟ್ರಾಹೋವ್ ಎಲ್ಲವೂ ಅದ್ಭುತವೇ, ಆದರೆ ಅವು ಕ್ರೈಸ್ತ ಮಠಗಳು ಕಟ್ಟಿಸಿದ ಲೈಬ್ರರಿಗಳು. ಕಾಲೇಜಿನ ಲೈಬ್ರರಿಯ ಸ್ವಭಾವವೇ ಬೇರೆ. ಅಲ್ಲಿ ಇವತ್ತಿಗೂ ಯಾರೋ ನಾಳೆಯ ಪರೀಕ್ಷೆಗೆ ಓದುತ್ತಾ ಕೂತಿರುತ್ತಾರೆ. ಹಾಗಾಗಿ ಅಲ್ಲಿ ನಿಮ್ಮ ಅನುಕೂಲಕ್ಕಿಂತ ಅವರ ಅನುಕೂಲವೇ ಮೊದಲು.

ಬೇಕಾದವನ್ನು ಆರಿಸಿಕೊಂಡ ಮೇಲೆ ಒಂದೊಂದಕ್ಕೂ ಹೊರಗಿನವರಿಗೆ ಪ್ರವೇಶ ಇದೆಯಾ ಅಂತ ಆ ಲೈಬ್ರರಿಯ ಸ್ವಂತ ವೆಬ್‌ಸೈಟಿನಲ್ಲೇ ನೋಡಿ. ಬೇರೆಯವರು ಬರೆದದ್ದನ್ನು ನಂಬಬೇಡಿ, ಎರಡು ವರ್ಷ ಹಳೆಯದಾಗಿದ್ದರೆ ಅದು ಉಪಯೋಗಕ್ಕೆ ಬರುವುದಿಲ್ಲ. ಅಮೆರಿಕದ ಹಾರ್ವರ್ಡ್‌ನ ವೈಡನರ್ ಲೈಬ್ರರಿಯನ್ನೇ ತೆಗೆದುಕೊಳ್ಳಿ. 1912ರಲ್ಲಿ ಟೈಟಾನಿಕ್ ಹಡಗಿನ ಜೊತೆ ಮುಳುಗಿಹೋದ ಮಗನ ನೆನಪಿಗೆ ತಾಯಿ ಕಟ್ಟಿಸಿಕೊಟ್ಟದ್ದು, 1915ರಲ್ಲಿ ಬಾಗಿಲು ತೆರೆಯಿತು. ಆ ಮಗನಿಗೆ ಪುಸ್ತಕ ಸಂಗ್ರಹಿಸುವ ಹುಚ್ಚು. ಕಥೆ ಕೇಳಿ ಎಲ್ಲರೂ ಹೋಗುತ್ತಾರೆ, ಆದರೆ ಒಳಗೆ ಹೋಗೋಕೆ ವಿಶ್ವವಿದ್ಯಾಲಯದ ಐಡಿ ಕಾರ್ಡ್ ಬೇಕು. ಹೊರಗಿನ ದೊಡ್ಡ ಮೆಟ್ಟಿಲ ಮೇಲೆ ಕೂತು ಬರಬಹುದು, ಅಷ್ಟೇ.

ಇದಕ್ಕೆ ತದ್ವಿರುದ್ಧ ಬಾಲ್ಟಿಮೋರ್‌ನ ಜಾರ್ಜ್ ಪೀಬಾಡಿ ಲೈಬ್ರರಿ. ಕಟ್ಟಿದ್ದು 1878ರಲ್ಲಿ, ಈಗ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಸೇರಿದೆ. ಊರಿನ ಜನರಿಗೆಲ್ಲ ಉಚಿತವಾಗಿ ಸಿಗಬೇಕು ಅನ್ನೋದು ದುಡ್ಡು ಕೊಟ್ಟ ಪೀಬಾಡಿಯ ಆಸೆಯಾಗಿತ್ತು, ಈಗಲೂ ಹಾಗೇ ನಡೆದುಕೊಂಡು ಬಂದಿದೆ. ಕಪ್ಪು-ಬಿಳಿ ಅಮೃತಶಿಲೆಯ ನೆಲದ ಮಧ್ಯೆ ನಿಂತು ತಲೆ ಎತ್ತಿದರೆ ಎರಕದ ಕಬ್ಬಿಣದ ಕಟಾಂಜನದ ಐದು ಅಂತಸ್ತು, ಅದರ ಮೇಲೆ ಗಾಜಿನ ಚಾವಣಿ. ಸುಮಾರು 3 ಲಕ್ಷ ಪುಸ್ತಕ. ಕಬ್ಬಿಣ ಯಾಕೆ ಬಂತು ಅಂತ ಯೋಚಿಸಿ: ಅಷ್ಟು ಭಾರವನ್ನು ಅಷ್ಟು ತೆಳ್ಳಗಿನ ಕಂಬಗಳ ಮೇಲೆ ನಿಲ್ಲಿಸೋಕೆ ಮರದಿಂದ ಆಗುತ್ತಿರಲಿಲ್ಲ, ಮರಕ್ಕೆ ಬೆಂಕಿಯ ಭಯ ಬೇರೆ. ಆದರೆ ಈ ಹಾಲನ್ನು ಮದುವೆಗಳಿಗೆ, ಸಮಾರಂಭಗಳಿಗೆ ಬಾಡಿಗೆಗೂ ಕೊಡುತ್ತಾರೆ. ಆ ದಿನಗಳಲ್ಲಿ ಬೇಗ ಮುಚ್ಚಿರಬಹುದು, ಮೊದಲೇ ನೋಡಿಕೊಳ್ಳಿ.

ಹೀಗೆ ಸುಲಭವಾಗಿ ಒಳಗೆ ಬಿಡುವ ಇನ್ನೊಂದು ಜಾಗ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದೆ. ಜಾನ್ ರೈಲಂಡ್ಸ್ ಲೈಬ್ರರಿ. ಬಟ್ಟೆ ಗಿರಣಿಗಳಿಂದ ದುಡ್ಡು ಮಾಡಿದ ಗಂಡನ ಹೆಸರಲ್ಲಿ ಎನ್ರಿಕೆಟಾ ರೈಲಂಡ್ಸ್ ಕಟ್ಟಿಸಿದ್ದು, 1900ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಈಗ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ್ದು. ಹೊರಗಿನಿಂದ ನೋಡಿದರೆ ಚರ್ಚು ಅಂದುಕೊಳ್ಳುತ್ತೀರಿ. ಆಗಿನ ಊರು ಪೂರ್ತಿ ಕಾರ್ಖಾನೆ ಹೊಗೆ. ಪುಸ್ತಕಕ್ಕೆ ಮಸಿ ಹಿಡಿಯಬಾರದು ಅಂತ ಗ್ಯಾಸ್ ದೀಪ ಬೇಡವೆಂದು ವಿದ್ಯುತ್ ದೀಪ ಹಾಕಿಸಿದರು, ಆ ಊರಿನಲ್ಲಿ ವಿದ್ಯುತ್ ಬೆಳಕು ಕಂಡ ಮೊದಲ ಸಾರ್ವಜನಿಕ ಕಟ್ಟಡಗಳಲ್ಲಿ ಇದೂ ಒಂದು. ಒಂದೇ ಒಂದು ಲೈಬ್ರರಿ ನೋಡೋಕೆ ಸಮಯ ಇದೆ, ದುಡ್ಡು ಖರ್ಚು ಮಾಡೋ ಹಾಗಿಲ್ಲ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಯಾವಾಗ ಹೋಗಬೇಕು

ಪರೀಕ್ಷೆ ಸಮಯದಲ್ಲಿ ಹೋಗಬೇಡಿ. ಹಲವು ಕಾಲೇಜುಗಳು ಆ ವಾರಗಳಲ್ಲಿ ಹೊರಗಿನವರನ್ನು ಬಿಡುವುದೇ ಇಲ್ಲ, ಬಿಟ್ಟರೂ ಓದುವ ಮಕ್ಕಳ ಮಧ್ಯೆ ಓಡಾಡೋಕೆ ನಮಗೇ ಸಂಕೋಚ ಆಗುತ್ತದೆ. ಯುರೋಪು, ಅಮೆರಿಕದಲ್ಲಿ ಬೇಸಿಗೆ ರಜೆ ಅಂದರೆ ಹೆಚ್ಚು ಕಡಿಮೆ ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ಪ್ರವಾಸಿಗರ ಗಲಾಟೆ ಜಾಸ್ತಿ, ವಿದ್ಯಾರ್ಥಿಗಳು ಕಡಿಮೆ. ಸೆಪ್ಟೆಂಬರ್ ಹೊತ್ತು ಎರಡಕ್ಕೂ ವಾಸಿ. ಬೆಳಗ್ಗೆ ತೆರೆದ ತಕ್ಷಣ ಹೋದರೆ ಗುಂಪುಗಳು ಬರೋ ಮುಂಚೆ ಒಳಗಿರಬಹುದು.

ರಿಪೇರಿ ಕೆಲಸ ನಡೀತಿದೆಯಾ ಅಂತಲೂ ವಿಚಾರಿಸಿ. ಐರ್ಲೆಂಡಿನ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಲಾಂಗ್ ರೂಮ್ ಫೋಟೊ ನೋಡದವರು ಕಡಿಮೆ. 65 ಮೀಟರ್ ಉದ್ದ, ಎರಡೂ ಕಡೆ ಅಮೃತಶಿಲೆಯ ಎದೆಮಟ್ಟದ ಪ್ರತಿಮೆಗಳ ಸಾಲು, ಮೇಲೆ ಅರ್ಧ ಪೀಪಾಯಿ ಆಕಾರದ ಮರದ ಚಾವಣಿ. ಕಟ್ಟಡ 1712ರಿಂದ 1732ರವರೆಗೆ ಕಟ್ಟಿದ್ದು. ಆಗ ಚಾವಣಿ ಚಪ್ಪಟೆಯಾಗಿತ್ತು, ಮೇಲಿನ ಅಂತಸ್ತಿನಲ್ಲಿ ಕಪಾಟುಗಳೇ ಇರಲಿಲ್ಲ. ಜಾಗ ಸಾಲದೆ 1860ರ ಸುಮಾರಿಗೆ ಚಾವಣಿ ಎತ್ತರಿಸಿ ಮೇಲೂ ಕಪಾಟು ಕೂರಿಸಿದರು. ಅಂದರೆ ಇವತ್ತು ಎಲ್ಲರೂ ಬಾಯಿ ಬಿಟ್ಟು ನೋಡುವ ಆ ಕಮಾನು ಬಂದದ್ದು ಪುಸ್ತಕ ಹಿಡಿಸದೆ! ಅಲ್ಲಿದ್ದದ್ದು ಸುಮಾರು 2 ಲಕ್ಷ ಹಳೇ ಪುಸ್ತಕ. 2022ರಿಂದ ಅವನ್ನೆಲ್ಲ ಒಂದೊಂದಾಗಿ ಇಳಿಸಿ, ಧೂಳು ತೆಗೆದು, ಬೇರೆ ಕಡೆ ಜೋಪಾನ ಮಾಡುವ ದೊಡ್ಡ ಕೆಲಸ ಶುರುವಾಯಿತು. ನೀವು ಫೋಟೊದಲ್ಲಿ ಕಂಡ ತುಂಬಿದ ಕಪಾಟು ಅಲ್ಲಿ ಕಾಣದೆ ಇರಬಹುದು. ಹಾಗಂತ ಬೇಸರ ಪಡಬೇಡಿ, ಖಾಲಿ ಕಪಾಟಿನ ಮುಂದೆ ನಿಂತರೆ ಮರಗೆಲಸ ಎಷ್ಟು ನಾಜೂಕು ಅನ್ನೋದು ಚೆನ್ನಾಗಿ ಕಾಣುತ್ತದೆ.

ಅಲ್ಲಿನ ಬುಕ್ ಆಫ್ ಕೆಲ್ಸ್ ಅಂದರೆ ಬೈಬಲ್‌ನ ನಾಲ್ಕು ಸುವಾರ್ತೆಗಳ, ಕ್ರಿ.ಶ. 800ರ ಸುಮಾರಿನ ಚಿತ್ತಾರದ ಹಸ್ತಪ್ರತಿ. ಗಾಜಿನ ಪೆಟ್ಟಿಗೆಯಲ್ಲಿ ನಿಮಗೆ ಕಾಣುವುದು ಆ ಹೊತ್ತಿಗೆ ತೆರೆದಿಟ್ಟ ಪುಟ ಮಾತ್ರ, ಹಿಂದಿನಿಂದ ಜನ ತಳ್ಳುತ್ತಿರುತ್ತಾರೆ. ಕಾಲೇಜು ಪೂರ್ತಿ ಪುಸ್ತಕವನ್ನು ಇಂಟರ್ನೆಟ್‌ನಲ್ಲಿ ಉಚಿತವಾಗಿ ಇಟ್ಟಿದೆ. ಹೋಗೋ ಮುಂಚೆ ಮನೆಯಲ್ಲೇ ಕೂತು ದೊಡ್ಡದು ಮಾಡಿ ನೋಡಿ. ಆಮೇಲೆ ನಿಜವಾದ ಪುಟದ ಮುಂದೆ ಒಂದೇ ನಿಮಿಷ ಸಿಕ್ಕಿದರೂ ಏನು ನೋಡಬೇಕು ಅಂತ ಕಣ್ಣಿಗೆ ಗೊತ್ತಿರುತ್ತದೆ.

ಹತ್ತಿರದಿಂದ ನೋಡಲೇಬೇಕಾದ ಕೆಲವು

ಪೋರ್ಚುಗಲ್‌ನ ಕೊಯಿಂಬ್ರಾ ವಿಶ್ವವಿದ್ಯಾಲಯದ ಜೊವಾನಿನಾ ಲೈಬ್ರರಿಯ ಬಗ್ಗೆ ನನಗೆ ವಿಶೇಷ ಪ್ರೀತಿ. ಐದನೇ ಜೊವಾಂವ್ ರಾಜನ ಕಾಲದ್ದು, 1717ರಲ್ಲಿ ಶುರುವಾಗಿ 1728ರಲ್ಲಿ ಮುಗಿಯಿತು. ಒಂದರ ಹಿಂದೆ ಒಂದು ಮೂರು ದೊಡ್ಡ ಕೋಣೆಗಳು, ಕಪಾಟಿಗೆಲ್ಲ ಬಣ್ಣದ ಅರಗಿನ ಮೇಲೆ ಚಿನ್ನದ ಚಿತ್ತಾರ. ಮೊದಲ ಸಲ ನೋಡಿದವರಿಗೆ ಚಿನ್ನವೇ ಕಣ್ಣಿಗೆ ಹೊಡೆಯುತ್ತದೆ. ನೀವು ಗೋಡೆ ನೋಡಿ. ಎರಡು ಮೀಟರಿಗೂ ಜಾಸ್ತಿ ದಪ್ಪ. ಬಾಗಿಲು ತೇಗದ್ದು. ಹೊರಗೆ ಎಷ್ಟೇ ಸೆಕೆ ಇರಲಿ, ಚಳಿ ಇರಲಿ, ಒಳಗಿನ ಹವೆ ಹೆಚ್ಚು ಏರುಪೇರಾಗುವುದಿಲ್ಲ. ಕಪಾಟು ಓಕ್ ಮರದ್ದು, ಅದು ಗಟ್ಟಿ ಮರ, ಹುಳಕ್ಕೆ ಕೊರೆಯೋದು ಕಷ್ಟ, ಅದರ ವಾಸನೆಯೂ ಹುಳಕ್ಕೆ ಆಗುವುದಿಲ್ಲ. ಇಷ್ಟೆಲ್ಲ ದಾಟಿ ಒಳಗೆ ಬಂದ ಹುಳಕ್ಕೆ ಏನು ಗತಿ ಗೊತ್ತಾ? ಬಾವಲಿ. ಕಪಾಟುಗಳ ಹಿಂದೆ ಪುಟ್ಟ ಬಾವಲಿಗಳು ವಾಸ ಮಾಡುತ್ತವೆ, ರಾತ್ರಿ ಆದ ಮೇಲೆ ಹೊರಗೆ ಬಂದು ಪುಸ್ತಕ ತಿನ್ನುವ ಹುಳಗಳನ್ನು ಹಿಡಿದು ತಿನ್ನುತ್ತವೆ. ಅವುಗಳ ಹಿಕ್ಕೆ ಬೀಳಬಾರದು ಅಂತ ಸಂಜೆ ಬಾಗಿಲು ಮುಚ್ಚೋ ಹೊತ್ತಿಗೆ ಸಿಬ್ಬಂದಿ ಹಳೇ ಮೇಜುಗಳ ಮೇಲೆಲ್ಲ ಚರ್ಮದ ಹೊದಿಕೆ ಹಾಸುತ್ತಾರೆ, ಬೆಳಗ್ಗೆ ಬಂದು ಅದನ್ನು ತೆಗೆದು ನೆಲ ಗುಡಿಸುತ್ತಾರೆ. ಪುಸ್ತಕ ಕಾಯುವ ಕೆಲಸದಲ್ಲಿ ಮನುಷ್ಯರಿಗೂ ಬಾವಲಿಗಳಿಗೂ ಪಾಳಿ ಹಂಚಿಕೆ ಆಗಿದೆ ಅನ್ನಬಹುದು.

ಅಲ್ಲಿಗೆ ಹೋಗುವವರು ಟಿಕೆಟ್ ಮೊದಲೇ ಮಾಡಿಸಿ. ಸಮಯ ಬರೆದ ಟಿಕೆಟ್ ಕೊಡುತ್ತಾರೆ, ಗುಂಪು ಗುಂಪಾಗಿ ಬಿಡುತ್ತಾರೆ, ಮುಖ್ಯ ಮಹಡಿಯಲ್ಲಿ ಕೆಲವೇ ನಿಮಿಷ ಇರೋಕೆ ಸಿಗೋದು. ಹಾಗಾಗಿ ಆ ನಿಮಿಷಗಳಲ್ಲಿ ಫೋನು ಜೇಬಲ್ಲೇ ಇರಲಿ, ಮುಖ್ಯ ಕೋಣೆಗಳಲ್ಲಿ ಫೋಟೊಗೆ ಹೇಗೂ ಅವಕಾಶ ಇಲ್ಲ. ಕೆಳಗಿನ ಅಂತಸ್ತಿನಲ್ಲಿ ಒಂದು ಕಾಲದಲ್ಲಿ ವಿದ್ಯಾರ್ಥಿಗಳನ್ನು ಕೂಡಿಹಾಕುತ್ತಿದ್ದ ವಿಶ್ವವಿದ್ಯಾಲಯದ್ದೇ ಜೈಲಿದೆ, ಅದನ್ನೂ ನೋಡಿ ಬನ್ನಿ.

ಇನ್ನು ಇಂಗ್ಲೆಂಡಿನ ಕೇಂಬ್ರಿಡ್ಜ್. ಅಲ್ಲಿನ ಟ್ರಿನಿಟಿ ಕಾಲೇಜಿನ (ಡಬ್ಲಿನ್‌ನದ್ದಲ್ಲ, ಹೆಸರು ಮಾತ್ರ ಒಂದೇ) ರೆನ್ ಲೈಬ್ರರಿಯನ್ನು ಕ್ರಿಸ್ಟೋಫರ್ ರೆನ್ 1676ರಲ್ಲಿ ವಿನ್ಯಾಸ ಮಾಡಿದ, 1695ರಲ್ಲಿ ಪೂರ್ತಿಯಾಯಿತು. ಪಕ್ಕದಲ್ಲೇ ನದಿ, ತೇವದ ಭಯ. ಅದಕ್ಕೇ ಲೈಬ್ರರಿಯನ್ನು ಕಂಬಗಳ ಮೇಲೆ ಎತ್ತಿ ಮೊದಲ ಮಹಡಿಗೆ ಹಾಕಿದ. ಬೆಳಕೂ ಬೇಕು, ಗೋಡೆಗೆ ಕಪಾಟೂ ಬೇಕು. ಹೊರಗೆ ಅಂಗಳದಲ್ಲಿ ನಿಂತು ನೋಡಿದರೆ ಮಹಡಿಯ ನೆಲ ಕಮಾನುಗಳ ಮೇಲಿದೆ ಅನ್ನಿಸುತ್ತದೆ. ನಿಜವಾದ ನೆಲ ಅದಕ್ಕಿಂತ ಕೆಳಗೆ, ಕಮಾನು ಶುರುವಾಗುವ ಮಟ್ಟದಲ್ಲಿದೆ. ಹೀಗೆ ನೆಲ ಇಳಿಸಿದ್ದರಿಂದ ಕಿಟಕಿಗಳು ಒಳಗೆ ತಲೆಗಿಂತ ಮೇಲೆ ಬಂದವು, ಅವುಗಳ ಕೆಳಗೆ ಕಪಾಟಿಗೆ ಜಾಗ ಸಿಕ್ಕಿತು. ಒಳಗೆ ಹೋಗೋ ಮುಂಚೆ ಹೊರಗೊಮ್ಮೆ ನಿಂತು ನೋಡಿ, ಒಳಗೆ ಹೋದ ಮೇಲೆ ನೆಲ ಎಲ್ಲಿದೆ ಅಂತ ಮತ್ತೆ ಅಂದಾಜು ಮಾಡಿ. ತಮಾಷೆಯಾಗಿರುತ್ತದೆ.

ಇದೇ ಲೈಬ್ರರಿಯಲ್ಲಿ ನ್ಯೂಟನ್ ಸ್ವಂತ ಕೈಯಿಂದ ತಿದ್ದುಪಡಿ ಬರೆದ, ಚಲನೆ ಮತ್ತು ಗುರುತ್ವದ ಬಗೆಗಿನ ಅವನದೇ ಪುಸ್ತಕ ಪ್ರಿನ್ಸಿಪಿಯಾದ ಪ್ರತಿ ಇದೆ. ನಮಗೆ ಇನ್ನೂ ಹತ್ತಿರದ ಕಥೆ ರಾಮಾನುಜನ್‌ದು. ಅವರು ಇದೇ ಕಾಲೇಜಿನ ಫೆಲೋ ಆಗಿದ್ದವರು. ಬದುಕಿನ ಕೊನೇ ವರ್ಷ ಭಾರತದಲ್ಲಿ ಕಾಯಿಲೆ ಬಿದ್ದು ಮಲಗಿದ್ದಾಗ ಬರೆದ ಹಾಳೆಗಳು ಅವರಿವರ ಕೈ ದಾಟಿ ಇಲ್ಲಿಗೆ ಬಂದು ಪೆಟ್ಟಿಗೆಯೊಂದರಲ್ಲಿ ಸದ್ದಿಲ್ಲದೆ ಇದ್ದವು. 1976ರಲ್ಲಿ ಜಾರ್ಜ್ ಆಂಡ್ರೂಸ್ ಅನ್ನೋ ಗಣಿತಜ್ಞ ಬೇರೇನೋ ಹುಡುಕುತ್ತಾ ಬಂದವರು ಅವನ್ನು ಗುರುತಿಸಿದರು. 100ಕ್ಕೂ ಜಾಸ್ತಿ ಪುಟ, 600ಕ್ಕೂ ಜಾಸ್ತಿ ಸೂತ್ರ. ಅವುಗಳ ಮೇಲೆ ಗಣಿತದವರು ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಲೈಬ್ರರಿಯವರು ಯಾವುದನ್ನೂ ಎಸೆಯದೆ ಇಟ್ಟುಕೊಂಡದ್ದಕ್ಕೆ ತಾನೇ ಅದು ಸಿಕ್ಕಿದ್ದು? ಹೊರಗಿನವರಿಗೆ ಇಲ್ಲಿ ದಿನದ ಸ್ವಲ್ಪ ಹೊತ್ತು ಮಾತ್ರ ಬಾಗಿಲು ತೆರೆದಿರುತ್ತದೆ, ಒಂದು ಸಲಕ್ಕೆ ಕೆಲವರನ್ನಷ್ಟೇ ಬಿಡುತ್ತಾರೆ. ಗಾಜಿನ ಪೆಟ್ಟಿಗೆಗಳಲ್ಲಿ ಏನಿಡುತ್ತಾರೆ ಅನ್ನೋದೂ ಬದಲಾಗುತ್ತಿರುತ್ತದೆ.

ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಲೈಬ್ರರಿಗೆ ಹೋಗುವವರು ಗೈಡ್ ಜೊತೆಗೇ ಹೋಗಬೇಕು. ಡ್ಯೂಕ್ ಹಂಫ್ರಿ ಹೆಸರಿನ ಹಳೇ ಕೋಣೆ 1488ರದ್ದು, ಲೈಬ್ರರಿಗೆ ತನ್ನ ಹೆಸರು ಕೊಟ್ಟ ಥಾಮಸ್ ಬಾಡ್ಲಿ ಅದನ್ನು ಸರಿಪಡಿಸಿ ಬೆಳೆಸಿ 1602ರಲ್ಲಿ ಮತ್ತೆ ತೆರೆದ. ಇಲ್ಲಿ ಓದೋಕೆ ಸೇರುವವರು ಇವತ್ತಿಗೂ ಒಂದು ಪ್ರಮಾಣ ಮಾಡಬೇಕು: ಒಳಗೆ ಬೆಂಕಿ ತರುವುದಿಲ್ಲ, ಹಚ್ಚುವುದಿಲ್ಲ, ಹೊಗೆ ಸೇದುವುದಿಲ್ಲ. ಇದನ್ನು ಅವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಅಂದರೆ 1845ರವರೆಗೆ ಅಲ್ಲಿ ಬಿಸಿ ಮಾಡುವ ವ್ಯವಸ್ಥೆಯೇ ಇರಲಿಲ್ಲ, 1929ರವರೆಗೆ ದೀಪ ಇರಲಿಲ್ಲ. ಚಳಿಗಾಲದ ಮಧ್ಯಾಹ್ನ ಕತ್ತಲಾದರೆ ಓದುವವರು ಎದ್ದು ಹೋಗಬೇಕಿತ್ತು. ಪಕ್ಕದಲ್ಲೇ ದುಂಡಗಿನ ರ್‍ಯಾಡ್‌ಕ್ಲಿಫ್ ಕ್ಯಾಮೆರಾ ಕಟ್ಟಡ ಇದೆ, 1749ರಲ್ಲಿ ತೆರೆದದ್ದು (ಕ್ಯಾಮೆರಾ ಅಂದರೆ ಲ್ಯಾಟಿನ್‌ನಲ್ಲಿ ಕೋಣೆ). ಅದರ ಒಳಗೆ ಹೋಗೋಕೆ ಎಲ್ಲ ಟೂರ್‌ಗಳಲ್ಲಿ ಅವಕಾಶ ಇಲ್ಲ, ಬುಕ್ ಮಾಡುವಾಗ ಓದಿ ನೋಡಿ.

ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಲೈಬ್ರರಿ ಈ ಪಟ್ಟಿಗಳಲ್ಲಿ ಅಷ್ಟಾಗಿ ಬರುವುದಿಲ್ಲ, ಬರಬೇಕು. 1914ರ ಆಗಸ್ಟ್‌ನಲ್ಲಿ ಜರ್ಮನ್ ಸೈನ್ಯ ಹಳೇ ಲೈಬ್ರರಿಗೆ ಬೆಂಕಿ ಹಚ್ಚಿತು. ಲಕ್ಷಾಂತರ ಪುಸ್ತಕ ಸುಟ್ಟವು. ಯುದ್ಧ ಮುಗಿದ ಮೇಲೆ ಅಮೆರಿಕದ ಶಾಲೆ ಮಕ್ಕಳಿಂದ ಹಿಡಿದು ಎಂಜಿನಿಯರುಗಳ ಸಂಘದವರೆಗೆ ಚಂದಾ ಎತ್ತಿ ಬೇರೆ ಜಾಗದಲ್ಲಿ ಹೊಸ ಲೈಬ್ರರಿ ಕಟ್ಟಿಸಿಕೊಟ್ಟರು, 1928ರಲ್ಲಿ ಮುಗಿಯಿತು. 1940ರಲ್ಲಿ ಅದೂ ಸುಟ್ಟಿತು, ಈ ಸಲ ಹೋದದ್ದು ಸುಮಾರು 9 ಲಕ್ಷ ಪುಸ್ತಕ. ಮತ್ತೆ ಮೊದಲಿದ್ದ ಹಾಗೇ ಕಟ್ಟಿದರು. ಇಲ್ಲಿ ನೀವು ಮಾಡಬೇಕಾದ ಕೆಲಸ ಸುಲಭ: ಹೊರಗೋಡೆಯ ಹತ್ತಿರ ಹೋಗಿ ಕಲ್ಲುಗಳನ್ನು ಓದಿ. ಕಲ್ಲಿನ ಮೇಲೆ ಚಂದಾ ಕೊಟ್ಟ ಶಾಲೆ, ಕಾಲೇಜುಗಳ ಹೆಸರು ಕೆತ್ತಿದ್ದಾರೆ. ಆಮೇಲೆ ಟಿಕೆಟ್ ತೆಗೆದುಕೊಂಡು ಗೋಪುರ ಹತ್ತಿ. ದೊಡ್ಡ ಓದುವ ಹಾಲ್‌ನಲ್ಲಿ ಈಗಲೂ ವಿದ್ಯಾರ್ಥಿಗಳು ತುಂಬಿರುತ್ತಾರೆ.

ಹೊಸ ಕಟ್ಟಡಗಳನ್ನೂ ಬಿಡಬೇಡಿ

ಚೆಂದದ ಲೈಬ್ರರಿ ಅಂದರೆ ಹಳೇ ಮರದ ಕಪಾಟೇ ಆಗಬೇಕಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಲೈಬ್ರರಿ 1963ರದ್ದು. ಹೊರಗಿನಿಂದ ಕಿಟಕಿಯೇ ಇಲ್ಲದ ಬಿಳೀ ಪೆಟ್ಟಿಗೆ. ಒಳಗೆ ಕಾಲಿಟ್ಟರೆ ಗೋಡೆಯೇ ಜೇನಿನ ಬಣ್ಣಕ್ಕೆ ಹೊಳೆಯುತ್ತಿರುತ್ತದೆ, ಯಾಕೆಂದರೆ ಗೋಡೆಯಲ್ಲಿ ಕೂರಿಸಿದ ಅಮೃತಶಿಲೆಯ ಹಲಗೆಗಳು ಸುಮಾರು 3 ಸೆಂಟಿಮೀಟರ್ ಮಾತ್ರ ದಪ್ಪ. ಬಿಸಿಲು ಅದನ್ನು ದಾಟಿ ಬರುವಾಗ ಪುಸ್ತಕ ಕೆಡಿಸುವ ಶಕ್ತಿ ಕಳೆದುಕೊಂಡಿರುತ್ತದೆ. ಮಧ್ಯದಲ್ಲಿ ಆರು ಅಂತಸ್ತಿನ ಗಾಜಿನ ಗೋಪುರದ ತುಂಬ ಹಳೇ ಪುಸ್ತಕ. ಮೋಡ ಇಲ್ಲದ ದಿನ ಹೋಗಿ, ಆಗಲೇ ಅದರ ಸೊಗಸು. ಇಲ್ಲೂ ಹುಳದ ಕಥೆ ಇದೆ. 1977ರಲ್ಲಿ ಪುಸ್ತಕ ಕೊರೆಯುವ ಹುಳ ಕಾಣಿಸಿಕೊಂಡಾಗ ಪುಸ್ತಕಗಳನ್ನು ಸೊನ್ನೆಗಿಂತ 36 ಡಿಗ್ರಿ ಕೆಳಗಿನ ಚಳಿಯಲ್ಲಿ ಮೂರು ದಿನ ಇಟ್ಟು ಹುಳ ಕೊಂದರು. ಕೊಯಿಂಬ್ರಾದಲ್ಲಿ ಬಾವಲಿ, ಇಲ್ಲಿ ಫ್ರೀಜರ್. ಪ್ರದರ್ಶನದ ಹಾಲ್ ಎಲ್ಲರಿಗೂ ಉಚಿತ, ಯುರೋಪಿನಲ್ಲಿ ಅಚ್ಚಿನ ಮೊಳೆಗಳಿಂದ ಮುದ್ರಿಸಿದ ಮೊದಲ ದೊಡ್ಡ ಪುಸ್ತಕವಾದ ಗುಟೆನ್‌ಬರ್ಗ್ ಬೈಬಲ್ ಅಲ್ಲೇ ಇದೆ.

ಷಿಕಾಗೊ ವಿಶ್ವವಿದ್ಯಾಲಯದ ಮ್ಯಾನ್ಸುಯೆಟೊ ಲೈಬ್ರರಿಯಲ್ಲಿ, 2011ರದ್ದು, ಓದುವ ಜಾಗ ಗಾಜಿನ ಗುಮ್ಮಟದ ಕೆಳಗೆ ಬಿಸಿಲಲ್ಲಿ, ಪುಸ್ತಕಗಳು ನೆಲದಡಿಯ ಕತ್ತಲಲ್ಲಿ. ಬೇಕಾದ್ದನ್ನು ಯಂತ್ರ ಎತ್ತಿ ತಂದುಕೊಡುತ್ತದೆ. ಬೆಳಕಿನ ಜಗಳ ಹೀಗೂ ಮುಗಿಯಬಹುದು ನೋಡಿ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಲೈಬ್ರರಿಯ ಚಾವಣಿ ಇಳಿಜಾರಾದ ಹುಲ್ಲುಗಾವಲು, ನಡೆದುಕೊಂಡೇ ಮೇಲೆ ಹೋಗಬಹುದು. ಜಪಾನಿನ ಅಕಿಟಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದ್ದು ಅರ್ಧಚಂದ್ರಾಕಾರದ ಸೀಡರ್ ಮರದ ಹಾಲ್, ಅಲ್ಲಿನ ವಿದ್ಯಾರ್ಥಿಗಳಿಗೆ ವರ್ಷವಿಡೀ ಹಗಲೂ ರಾತ್ರಿ ತೆರೆದಿರುತ್ತದೆ. ಮೆಕ್ಸಿಕೊ ನಗರದ ಯುನಾಮ್ ವಿಶ್ವವಿದ್ಯಾಲಯದ ಸೆಂಟ್ರಲ್ ಲೈಬ್ರರಿಯನ್ನು ಹೊರಗಿನಿಂದಲೇ ನೋಡಬೇಕು. ನಾಲ್ಕೂ ಗೋಡೆಗಳ ಮೇಲೆ ಹುವಾನ್ ಓಗೊರ್ಮನ್ ದೇಶದ ಬೇರೆ ಬೇರೆ ಕಡೆಯಿಂದ ತರಿಸಿದ ಬಣ್ಣದ ಕಲ್ಲುಗಳಿಂದ ಮೆಕ್ಸಿಕೊದ ಇತಿಹಾಸ ಬಿಡಿಸಿದ್ದಾನೆ. ಬಣ್ಣ ಬಳಿದದ್ದಲ್ಲ, ಕಲ್ಲಿನದೇ ಬಣ್ಣ. ಒಂದು ಸುತ್ತು ಹಾಕದೆ ಬರಬೇಡಿ, ಒಂದೊಂದು ಗೋಡೆಗೂ ಒಂದೊಂದು ಕಾಲ.

ಒಳಗೆ ಹೋದ ಮೇಲೆ

ದೊಡ್ಡ ಬ್ಯಾಗ್ ಒಯ್ಯಬೇಡಿ, ಲಾಕರ್‌ನಲ್ಲಿ ಇಡಿಸುತ್ತಾರೆ. ಕುಡಿಯೋದು ತಿನ್ನೋದು ಹೊರಗೇ ಮುಗಿಸಿ. ಫೋನು ಪೂರ್ತಿ ಸೈಲೆಂಟ್, ಕ್ಯಾಮೆರಾದ ಕ್ಲಿಕ್ ಸದ್ದು ಸಹ. ಫ್ಲ್ಯಾಶ್ ಎಲ್ಲೂ ಬೇಡ. ಓದುತ್ತಾ ಕೂತವರ ಮುಖ ಫೋಟೊದಲ್ಲಿ ಬರುವ ಹಾಗೆ ತೆಗೆಯಬೇಡಿ, ಅವರು ಪ್ರದರ್ಶನದ ವಸ್ತುಗಳಲ್ಲ. ಖಾಲಿ ಕುರ್ಚಿಯಲ್ಲಿ ಕೂರಬಹುದು ಅಂದರೆ ಕೂರಿ, ಸ್ವಲ್ಪ ಹೊತ್ತು ಏನೂ ಮಾಡದೆ ಕೂರಿ. ಕಿಟಕಿ ಯಾವ ದಿಕ್ಕಿಗಿದೆ, ಮೇಲಿನ ಕಪಾಟಿನ ಪುಸ್ತಕ ಹೇಗೆ ಇಳಿಸುತ್ತಾರೆ, ದೀಪ ಇಲ್ಲದ ಕಾಲದಲ್ಲಿ ಯಾವ ಮೂಲೆಯಲ್ಲಿ ಓದಲು ಸಾಧ್ಯ ಇತ್ತು, ಇದೆಲ್ಲ ಕೂತಾಗಲೇ ಹೊಳೆಯೋದು. ಕಾವಲಿಗಿರುವವರನ್ನು ಮಾತಾಡಿಸಿ. ಅವರಿಗೆ ಗೊತ್ತಿರುವಷ್ಟು ಬೋರ್ಡುಗಳಲ್ಲಿ ಬರೆದಿರುವುದಿಲ್ಲ.

ಒಂದು ಹಳೇ ಪುಸ್ತಕವನ್ನು ನಿಜವಾಗಿಯೂ ಕೈಯಲ್ಲಿ ಹಿಡಿದು ನೋಡಬೇಕು ಅನ್ನೋ ಆಸೆ ಇದ್ದರೆ ಅದಕ್ಕೂ ದಾರಿ ಇದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಹಲವು ವಿಶ್ವವಿದ್ಯಾಲಯಗಳ ಅಪರೂಪದ ಪುಸ್ತಕಗಳ ವಿಭಾಗದಲ್ಲಿ ಹೊರಗಿನವರೂ ಓದುಗರಾಗಿ ಹೆಸರು ಬರೆಸಬಹುದು. ಮೊದಲು ಅವರ ಕ್ಯಾಟಲಾಗ್‌ನಲ್ಲಿ ಪುಸ್ತಕ ಹುಡುಕಿ, ಅದರ ನಂಬರ್ ಬರೆದುಕೊಳ್ಳಿ. ಹೋಗೋದಕ್ಕೆ ಕೆಲವು ವಾರ ಮುಂಚೆ ಲೈಬ್ರರಿಗೆ ಇಮೇಲ್ ಮಾಡಿ: ನೀವು ಯಾರು, ಯಾವ ಪುಸ್ತಕ, ಯಾಕೆ ನೋಡಬೇಕು, ಯಾವ ದಿನ ಬರುತ್ತೀರಿ. ನಾಲ್ಕು ಸಾಲು ಸಾಕು. ಪ್ರೊಫೆಸರ್ ಆಗಿರಬೇಕಿಲ್ಲ, ಕಾರಣ ಪ್ರಾಮಾಣಿಕವಾಗಿರಬೇಕು. ತೀರಾ ನಾಜೂಕಾದದ್ದಾದರೆ ಡಿಜಿಟಲ್ ಪ್ರತಿ ನೋಡಿ ಅನ್ನುತ್ತಾರೆ, ವಾದ ಮಾಡಬೇಡಿ. ಸರಿ ಅಂದರೆ ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡು ಹೋಗಿ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ತೆಗೆದುಕೊಳ್ಳಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಗ್ಲೌಸ್ ಹಾಕಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಕಾಗದದ ಪುಸ್ತಕಕ್ಕೆ ಸಾಮಾನ್ಯವಾಗಿ ಬೇಡ. ಗ್ಲೌಸ್ ಹಾಕಿದ ಬೆರಳಿಗೆ ಪುಟದ ಅಂಚು ಗೊತ್ತಾಗದೆ ಹರಿಯುವ ಸಂಭವವೇ ಜಾಸ್ತಿ. ಪುಸ್ತಕವನ್ನು ಮೆತ್ತನೆಯ ಒರಗಿನ ಮೇಲೆ ಇಟ್ಟುಕೊಡುತ್ತಾರೆ, ಪುಟ ಮಗುಚಿಕೊಳ್ಳದ ಹಾಗೆ ಬಟ್ಟೆ ಸುತ್ತಿದ ತೂಕದ ದಾರ ಕೊಡುತ್ತಾರೆ. ಪುಟದ ಮೇಲಿನ ಮೂಲೆ ಹಿಡಿದು ನಿಧಾನಕ್ಕೆ ತಿರುಗಿಸಿ, ಪೂರ್ತಿ ಬಿಚ್ಚಿ ಒತ್ತಬೇಡಿ, ಮುಗಿದ ಮೇಲೆ ನೀವೇ ಮುಚ್ಚದೆ ಸಿಬ್ಬಂದಿಯನ್ನು ಕರೆಯಿರಿ.